ವ್ಯಾನ್ ಕೆಳಗಿನ ಆಯಿಲ್ ಕಲೆ: ಒಂದೇ ಲೀಕ್ ನಾಲ್ಕು ಸಲ ಯಾಕೆ ವಾಪಸ್ ಬರುತ್ತೆ?

ನಮ್ಮ ಚಿಕ್ಕಪ್ಪ ಯಲಹಂಕದಲ್ಲಿ ವ್ಯಾನ್ ಓಡಿಸ್ತಾರೆ. ಬೆಳಿಗ್ಗೆ, ಮಧ್ಯಾಹ್ನ ಸ್ಕೂಲ್ ಮಕ್ಕಳು, ರಾತ್ರಿ ಸಿಕ್ಕಿದ್ರೆ ಏರ್‌ಪೋರ್ಟ್ ಟ್ರಿಪ್. ಡೀಸೆಲ್ ವ್ಯಾನ್, ಲೋನ್ ಮೇಲೆ ತಗೊಂಡಿದ್ದು, ಮೂರು ವರ್ಷದ ವಾರಂಟಿ. ತಗೊಂಡು ಹದಿನಾಲ್ಕು ತಿಂಗಳಿಗೆ ಮನೆ ಮುಂದಿನ ಸಿಮೆಂಟ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ ಕಾಣಿಸ್ತು. ಆಮೇಲಿನ ಐದು ತಿಂಗಳಲ್ಲಿ ಆ ಗಾಡಿ ನಾಲ್ಕು ಸಲ ಸರ್ವಿಸ್ ಸೆಂಟರ್ ಒಳಗೆ ಹೋಗಿ ಬಂತು. ಮೂರು ಸಲ "ಸರಿ ಆಯ್ತು" ಅಂತ ಕೊಟ್ಟರು, ಮೂರು ಸಲವೂ ಕಲೆ ವಾಪಸ್ ಬಂತು.

ಮೂರನೇ ಸಲ ಚಿಕ್ಕಪ್ಪ ನನ್ನ ಕಡೆ ತಿರುಗಿ, "ಏನಪ್ಪಾ ಎಂಜಿನಿಯರ್, ನೀನಾದ್ರೂ ಹೇಳು, ಯಾಕೆ ಸೋರುತ್ತೆ?" ಅಂದರು. ಮೆಕ್ಯಾನಿಕಲ್ ಎರಡನೇ ವರ್ಷ. ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಂ ಕಣ್ಣು ಮುಚ್ಚಿ ಬರೀತೀನಿ. ಆದ್ರೆ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ, ಗಾಡಿ ಕೆಳಗೆ ಮಲಗಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ನಿಮ್ಮ ಮನೇಲೂ ಟಿಟಿನೋ, ಓಮ್ನಿನೋ, ಗೂಡ್ಸ್ ಗಾಡಿನೋ ಇದ್ದರೆ ಉಪಯೋಗಕ್ಕೆ ಬರಬಹುದು.

ಒಂದು ಹನಿ ಅಂದ್ರೆ ಎಷ್ಟು?

"ಸ್ವಲ್ಪ ಸೋರಿದ್ರೆ ಏನೂ ಆಗಲ್ಲ ಸಾರ್" ಅನ್ನೋ ಮಾತನ್ನ ಎಲ್ಲರೂ ಕೇಳಿರ್ತೀರಿ. ಲೆಕ್ಕ ಹಾಕಿ ನೋಡೋಣ. ಒಂದು ಹನಿ ಸುಮಾರು 0.05 ಮಿಲಿಲೀಟರ್, ಅಂದ್ರೆ 20 ಹನಿಗೆ ಒಂದು ಮಿಲಿಲೀಟರ್. ಎಂಜಿನ್ ಓಡ್ತಾ ಇರುವಾಗ 5 ಸೆಕೆಂಡಿಗೆ ಒಂದು ಹನಿ ಬೀಳುತ್ತೆ ಅಂತ ಇಟ್ಕೊಳ್ಳಿ. ಗಂಟೆಗೆ 720 ಹನಿ, 36 ಮಿಲಿಲೀಟರ್. ದಿನಕ್ಕೆ ಹತ್ತು ಗಂಟೆ ಓಡಿದ್ರೆ 360 ಮಿಲಿಲೀಟರ್. ಮೂರು ದಿನಕ್ಕೆ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ! ಡಿಪ್‌ಸ್ಟಿಕ್ ನೋಡದೆ ಎರಡು ವಾರ ಓಡಿಸಿದರೆ ಬೇರಿಂಗ್ ಒಣಗುತ್ತೆ, ಎಂಜಿನ್ ಸೀಜ್ ಆಗುತ್ತೆ.

ಬೇರೆ ಅಪಾಯಗಳೂ ಇವೆ. ಆಯಿಲ್ ಕಾದ ಎಕ್ಸಾಸ್ಟ್ ಅಥವಾ ಟರ್ಬೋ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿ. ಕ್ಲಚ್ ಮೇಲೆ ಬಿದ್ದರೆ ಕ್ಲಚ್ ಜಾರುತ್ತೆ. ರಸ್ತೆ ಮೇಲೆ ಬಿದ್ದರೆ ಹಿಂದೆ ಬರೋ ಬೈಕಿನವನಿಗೆ ಕಷ್ಟ. ಬೇಸಿಗೆಯ ಮೊದಲ ಮಳೆ ಬಿದ್ದಾಗ ಹೆಬ್ಬಾಳ ಫ್ಲೈಓವರ್ ಮೇಲೆ ಬೈಕ್ ಓಡಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆಯಿಲ್ ಹೊರಗೆ ಬರೋ ಬಾಗಿಲುಗಳು

ಎಂಜಿನ್ ಒಂದೇ ತುಂಡಿನ ಲೋಹ ಅಲ್ಲ. ಬ್ಲಾಕ್, ಹೆಡ್, ವಾಲ್ವ್ ಕವರ್, ಸಂಪ್, ಹೀಗೆ ತುಂಡುಗಳನ್ನ ಬೋಲ್ಟ್ ಹಾಕಿ ಜೋಡಿಸಿರ್ತಾರೆ. ಎರಡು ಲೋಹದ ಮುಖಗಳು ಎಷ್ಟೇ ನುಣುಪಾಗಿದ್ರೂ ಮಧ್ಯೆ ಸಣ್ಣ ಸಂದು ಇದ್ದೇ ಇರುತ್ತೆ. ಅದನ್ನ ತುಂಬೋದು ಗ್ಯಾಸ್ಕೆಟ್ ಅಥವಾ ಸಿಲಿಕೋನ್ ಪೇಸ್ಟ್. ಇದು ನಿಂತ ಜಾಗದ ಸೀಲ್.

ಎರಡನೇ ಥರದ್ದು ತಿರುಗೋ ಜಾಗದ ಸೀಲ್. ಕ್ರ್ಯಾಂಕ್‌ಶಾಫ್ಟ್ ಎಂಜಿನ್ನಿನ ಎರಡೂ ತುದಿಯಿಂದ ಹೊರಗೆ ಬರುತ್ತೆ. ಮುಂದೆ ಪುಲ್ಲಿ, ಹಿಂದೆ ಫ್ಲೈವೀಲ್. ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಿದ್ರೂ ಆಯಿಲ್ ಹೊರಗೆ ಬರಬಾರದು. ಅದಕ್ಕೆ ರಬ್ಬರ್ ಅಥವಾ ಪಿಟಿಎಫ್ಇ ತುಟಿ ಇರುವ ಲಿಪ್ ಸೀಲ್ ಹಾಕಿರ್ತಾರೆ. ಹಿಂದಿನ ಸೀಲ್ ಬದಲಾಯಿಸಬೇಕು ಅಂದ್ರೆ ಗೇರ್‌ಬಾಕ್ಸ್ ಇಳಿಸಬೇಕು. ಇನ್ನು ಡ್ರೈನ್ ಬೋಲ್ಟ್ ವಾಷರ್, ಆಯಿಲ್ ಫಿಲ್ಟರ್, ಆಯಿಲ್ ಪ್ರೆಶರ್ ಸ್ವಿಚ್, ಟರ್ಬೋದಿಂದ ವಾಪಸ್ ಬರೋ ಪೈಪ್, ಇವೆಲ್ಲ ಸಣ್ಣ ಬಾಗಿಲುಗಳು.

ಸೀಲ್ ಕೆಲಸ ಮಾಡೋದು ಅದು ಸ್ಪ್ರಿಂಗ್ ಥರ ವಾಪಸ್ ತಳ್ಳೋದ್ರಿಂದ. ಬಿಸಿಗೆ ಲೋಹ ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗುತ್ತೆ, ಸಂದು ಬದಲಾಗ್ತಾ ಇರುತ್ತೆ. ರಬ್ಬರ್ ಆ ಸಂದಿನ ಹಿಂದೆಯೇ ಹೋಗಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಅದುಮಿಟ್ಟರೆ ರಬ್ಬರ್ ಗಟ್ಟಿಯಾಗಿ ಅದೇ ಆಕಾರದಲ್ಲಿ ಕೂತ್ಬಿಡುತ್ತೆ. ಇದಕ್ಕೆ ಕಂಪ್ರೆಷನ್ ಸೆಟ್ ಅಂತಾರೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತದ್ದು ಕೂಡ ರಬ್ಬರ್ ಓ-ರಿಂಗ್‌ನಿಂದಲೇ. ಅಲ್ಲಿ ಚಳಿಗೆ ರಬ್ಬರ್ ತಕ್ಷಣ ವಾಪಸ್ ಹಿಗ್ಗಲಿಲ್ಲ. ನಮ್ಮ ವ್ಯಾನ್ ರಾಕೆಟ್ ಅಲ್ಲ, ಆದ್ರೆ ತತ್ವ ಅದೇ.

ರಿಪೇರಿ ಮಾಡಿದ್ರೂ ಯಾಕೆ ಸೋರುತ್ತೆ?

ನಾಲ್ಕು ಮುಖ್ಯ ಕಾರಣಗಳು ನನಗೆ ಸಿಕ್ಕಿದವು.

ಮೊದಲನೇದು, ಜಾಗ ತಪ್ಪು ಹಿಡಿಯೋದು. ಆಯಿಲ್ ಸೋರೋ ಜಾಗ ಬೇರೆ, ತೊಟ್ಟಿಕ್ಕೋ ಜಾಗ ಬೇರೆ. ಗುರುತ್ವಾಕರ್ಷಣೆ ಅದನ್ನ ಕೆಳಗೆ ಎಳೆಯುತ್ತೆ, ಗಾಡಿ ಓಡುವಾಗ ಗಾಳಿ ಹಿಂದಕ್ಕೆ ತಳ್ಳುತ್ತೆ. ವಾಲ್ವ್ ಕವರ್‌ನ ಹಿಂದಿನ ಮೂಲೆಯಲ್ಲಿ ಸೋರಿದ್ದು ಗೋಡೆ ಇಳಿದು ಬಂದು ಗೇರ್‌ಬಾಕ್ಸ್ ಸಂದಿಯಲ್ಲಿ ತೊಟ್ಟಿಕ್ಕಿದ್ರೆ, ನೋಡಿದವರಿಗೆ "ಹಿಂದಿನ ಸೀಲ್ ಹೋಗಿದೆ" ಅನ್ಸುತ್ತೆ. ಅದಕ್ಕೇ ನಿಯಮ ಏನು ಅಂದ್ರೆ, ಒದ್ದೆ ಆಗಿರೋ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದು ಅಂತ ಹುಡುಕಬೇಕು. ಮೊದಲು ಎಂಜಿನ್ ಪೂರ್ತಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನೋಡಿದ್ರೆ ಪೌಡರ್ ಮೇಲೆ ದಾರಿ ಕಾಣುತ್ತೆ. ಆಯಿಲ್‌ಗೆ ಬೆರೆಸೋ ಡೈ ಹಾಕಿ ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟು ನೋಡೋದು ಇನ್ನೂ ಒಳ್ಳೇದು.

ಎರಡನೇದು, ಸಿಲಿಕೋನ್‌ಗೆ ಟೈಮ್ ಕೊಡದೇ ಇರೋದು. ಸಂಪ್‌ಗೆ ಹಚ್ಚೋ ಆರ್‌ಟಿವಿ ಸಿಲಿಕೋನ್ ಗಾಳಿಯ ತೇವಾಂಶ ಹೀರಿಕೊಂಡು ಗಟ್ಟಿಯಾಗುತ್ತೆ. ಮೇಲಿನ ಪದರ ಕೆಲವೇ ನಿಮಿಷದಲ್ಲಿ ಒಣಗುತ್ತೆ, ಒಳಗೆ ಪೂರ್ತಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 24 ಗಂಟೆ ಬೇಕು. ಮಧ್ಯಾಹ್ನ ಹಚ್ಚಿ ಸಾಯಂಕಾಲ ಗಾಡಿ ಕೊಟ್ಟರೆ ಏನಾಗುತ್ತೆ ಅಂತ ಊಹಿಸಬಹುದು. ಹಳೇ ಸಿಲಿಕೋನ್ ಪೂರ್ತಿ ಕೆರೆದು, ಎಣ್ಣೆ ಅಂಶ ಒರೆಸದೆ ಹಚ್ಚಿದ್ರೂ ಅಷ್ಟೇ. ಹಾಗಂತ ಜಾಸ್ತಿ ಹಚ್ಚೋದೂ ತಪ್ಪು. ಒಳಗೆ ಉಕ್ಕಿದ ಸಿಲಿಕೋನ್ ತುಂಡಾಗಿ ಆಯಿಲ್ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುತ್ತೆ. ಅದು ಲೀಕ್‌ಗಿಂತ ದೊಡ್ಡ ತೊಂದರೆ.

ಮೂರನೇದು, ಬೋಲ್ಟ್ ಜಾಸ್ತಿ ಬಿಗಿಯೋದು. ಸೋರ್ತಿದ್ರೆ ಇನ್ನೊಂದು ಸುತ್ತು ಟೈಟ್ ಮಾಡು ಅನ್ನೋದು ನಮ್ಮೆಲ್ಲರ ಬುದ್ಧಿ. ಎಂ6 ಸಂಪ್ ಬೋಲ್ಟ್‌ಗೆ ಬೇಕಾಗೋದು ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ ಅಷ್ಟೇ. ಟಾರ್ಕ್‌ನ ನಟ್ ಫ್ಯಾಕ್ಟರ್ ಅನ್ನೋ ಗುಣಾಂಕ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಬೋಲ್ಟ್ ಎಳೆಯುವ ಬಲ ಸಿಗುತ್ತೆ. ಗುಣಾಂಕ 0.2 ಆದ್ರೆ ಬಲ ಸುಮಾರು 8,300 ನ್ಯೂಟನ್. ಥ್ರೆಡ್ ಮೇಲೆ ಎಣ್ಣೆ ಇದ್ದು ಗುಣಾಂಕ 0.15ಕ್ಕೆ ಇಳಿದ್ರೆ, ಅದೇ ಟಾರ್ಕ್‌ಗೆ ಬಲ ಸುಮಾರು 11,100 ನ್ಯೂಟನ್. ಮೂರನೇ ಒಂದು ಭಾಗ ಜಾಸ್ತಿ! ಸೋರ್ತಾ ಇರೋ ಎಂಜಿನ್ನಿನ ಥ್ರೆಡ್ ಮೇಲೆ ಎಣ್ಣೆ ಇರದೆ ಇರುತ್ತಾ? ಅದರ ಮೇಲೆ ಟಾರ್ಕ್ ರೆಂಚ್ ಇಲ್ಲದೆ ಕೈಬಲದಲ್ಲಿ ತಿರುಗಿಸಿದ್ರೆ ತೆಳ್ಳಗಿನ ಶೀಟಿನ ಸಂಪ್ ಬೋಲ್ಟ್ ಹತ್ರ ಒಳಗೆ ತಗ್ಗುತ್ತೆ, ಎರಡು ಬೋಲ್ಟ್ ಮಧ್ಯೆ ಉಬ್ಬುತ್ತೆ. ಆಯಿಲ್‌ಗೆ ಹೊಸ ದಾರಿ ನಾವೇ ಮಾಡಿಕೊಟ್ಟ ಹಾಗೆ.

ನಾಲ್ಕನೇದು, ಒಳಗಿನ ಒತ್ತಡ. ನಮ್ಮ ವ್ಯಾನಿನ ನಿಜವಾದ ಕಳ್ಳ ಇದೇ.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ರೂ ಸ್ವಲ್ಪ ದಹನದ ಗ್ಯಾಸ್ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸ್‌ಗೆ ಬರುತ್ತೆ. ಇದು ಬ್ಲೋ-ಬೈ. ಅದನ್ನ ಹೊರಗೆ ತೆಗೆದು, ಆಯಿಲ್ ಹನಿ ಬೇರ್ಪಡಿಸಿ, ಮತ್ತೆ ಇನ್‌ಟೇಕ್‌ಗೆ ಕಳಿಸೋಕೆ ಬ್ರೀದರ್ ಪೈಪ್, ವಾಲ್ವ್ ಇರುತ್ತೆ. ಅಂದ್ರೆ ಎಂಜಿನ್ನಿನ ಮೂಗು. ಮೂಗು ಕಟ್ಟಿದ್ರೆ ಗ್ಯಾಸ್ ಹೋಗೋಕೆ ಜಾಗ ಇಲ್ಲದೆ ಒಳಗೆ ಒತ್ತಡ ಏರುತ್ತೆ. ಎಷ್ಟು? ಬರೀ 5 ಕಿಲೋಪಾಸ್ಕಲ್ ಅಂತ ಇಟ್ಕೊಳ್ಳಿ, ಅಂದ್ರೆ ವಾತಾವರಣದ ಒತ್ತಡದ ಇಪ್ಪತ್ತನೇ ಒಂದು ಭಾಗ. ಸಂಪ್ 30 ಸೆಂಟಿಮೀಟರ್ ಉದ್ದ, 30 ಅಗಲ ಇದ್ದರೆ ಅದರ ಮೇಲೆ ಬೀಳೋ ಬಲ 450 ನ್ಯೂಟನ್, ಸುಮಾರು 46 ಕೆಜಿ ತೂಕ. ಪಿಯುಸಿ ಓದೋ ಹುಡುಗಿಯೊಬ್ಬಳು ಸಂಪ್ ಒಳಗೆ ನಿಂತು ಕೆಳಗೆ ತುಳೀತಿರೋ ಹಾಗೆ. ಲಿಪ್ ಸೀಲ್‌ಗಳಂತೂ ಇಂಥ ಒತ್ತಡ ತಡೆಯೋಕೆ ಮಾಡಿದ್ದೇ ಅಲ್ಲ, ಚಿಮ್ಮೋ ಆಯಿಲ್ ತಡೆಯೋಕೆ ಮಾಡಿದ್ದು. ಆಗ ಯಾವ ಸೀಲ್ ದುರ್ಬಲವೋ ಅಲ್ಲಿಂದ ಆಯಿಲ್ ಬರುತ್ತೆ. ಅದನ್ನ ಬದಲಾಯಿಸಿದ್ರೆ, ಅದಕ್ಕಿಂತ ಸ್ವಲ್ಪ ಗಟ್ಟಿ ಇರೋ ಇನ್ನೊಂದರಿಂದ ಬರುತ್ತೆ.

ಬ್ರೀದರ್ ಯಾಕೆ ಕಟ್ಟುತ್ತೆ ಅನ್ನೋದಕ್ಕೆ ನಮ್ಮ ಏರಿಯಾನೇ ಉತ್ತರ. ಡೀಸೆಲ್ ಎಂಜಿನ್ ಪೂರ್ತಿ ಬಿಸಿ ಆಗೋಕೆ ದೂರ ಓಡಬೇಕು. ಯಲಹಂಕ ನ್ಯೂ ಟೌನ್‌ನಿಂದ ಸಹಕಾರನಗರಕ್ಕೆ ಬೆಳಿಗ್ಗೆ ಆರೂವರೆಗೆ ಹೊರಟ ಸ್ಕೂಲ್ ವ್ಯಾನ್ ಪ್ರತಿ ಗೇಟ್ ಮುಂದೆ ನಿಲ್ಲುತ್ತೆ, ಆಮೇಲೆ ಆಫ್ ಆಗುತ್ತೆ. ಇಲ್ಲಾ ಹೆಬ್ಬಾಳದಲ್ಲಿ ಅರ್ಧ ಗಂಟೆ ಐಡಲ್‌ನಲ್ಲೇ ನಿಂತಿರುತ್ತೆ. ದಹನದಿಂದ ಬಂದ ನೀರಾವಿ ಒಳಗೇ ತಣ್ಣಗಾಗಿ ಆಯಿಲ್ ಜೊತೆ ಸೇರಿ ಮಜ್ಜಿಗೆ ಬಣ್ಣದ ಲೋಳೆ ಆಗುತ್ತೆ. ಅದು ಪೈಪಿನಲ್ಲಿ ಕೂರುತ್ತೆ. ಓಡೋಮೀಟರ್ ಕಿಲೋಮೀಟರ್ ಮಾತ್ರ ಎಣಿಸುತ್ತೆ, ಐಡಲ್ ಗಂಟೆ ಎಣಿಸಲ್ಲ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆ ಅಂತ ಬೇರೆ ಸರ್ವಿಸ್ ವೇಳಾಪಟ್ಟಿ ಇದ್ದರೆ ಬೆಂಗಳೂರು ಟ್ರಾಫಿಕ್‌ನವರು ಅದನ್ನೇ ಓದಬೇಕು.

ಒಂದು ಕೈಗವಸಿನ ಪರೀಕ್ಷೆ

ಮೊದಲ ಸಲ ಸರ್ವಿಸ್ ಸೆಂಟರ್‌ನವರು ಡ್ರೈನ್ ವಾಷರ್ ಬದಲಾಯಿಸಿ ಸಂಪ್ ಬೋಲ್ಟ್ ಬಿಗಿದರು. ಎರಡನೇ ಸಲ ಸಂಪ್ ಇಳಿಸಿ ಸಿಲಿಕೋನ್ ಹಚ್ಚಿದರು. ಮೂರನೇ ಸಲ ಗೇರ್‌ಬಾಕ್ಸ್ ಇಳಿಸಿ ಹಿಂದಿನ ಸೀಲ್ ಹಾಕಿದರು, ಆರು ದಿನ ಹಿಡೀತು. ನಲವತ್ತು ದಿನಕ್ಕೆ ಮತ್ತೆ ಹನಿ.

ಆಗ ಆರ್‌.ಟಿ. ನಗರದ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಬರೀ ಅಭಿಪ್ರಾಯ ಕೇಳೋಕೆ ಹೋದ್ವಿ. ಅವರು ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕೋ ಮುಚ್ಚಳ ತೆಗೆದು, ಅದರ ಬಾಯಿಗೆ ಒಂದು ರಬ್ಬರ್ ಕೈಗವಸು ಸಿಕ್ಕಿಸಿದರು. ಕೆಲವೇ ಸೆಕೆಂಡಲ್ಲಿ ಕೈಗವಸು ಬಲೂನ್ ಥರ ಊದಿ ಐದೂ ಬೆರಳು ನೆಟ್ಟಗೆ ನಿಂತವು. ಬ್ರೀದರ್ ಸರಿಯಾಗಿದ್ದರೆ ಅದು ಹಾಗೆ ಊದಬಾರದು. "ಸೀಲ್ ತಪ್ಪಲ್ಲ ಕಣಪ್ಪ, ಗಾಡಿಗೆ ಉಸಿರು ಕಟ್ಟಿದೆ" ಅಂದರು. ದುಡ್ಡು ಕೂಡ ತಗೊಳ್ಳಲಿಲ್ಲ. ನೀವು ಈ ಪರೀಕ್ಷೆ ಮಾಡಿದ್ರೆ ಬೆಲ್ಟ್, ಫ್ಯಾನ್‌ನಿಂದ ಕೈ ದೂರ ಇಟ್ಕೊಳ್ಳಿ. ಪಿಸ್ಟನ್ ರಿಂಗ್ ಸವೆದಿದ್ರೂ ಕೈಗವಸು ಊದಬಹುದು, ಆದ್ದರಿಂದ ಇದು ಸುಳಿವು ಮಾತ್ರ, ತೀರ್ಪು ಅಲ್ಲ.

ಸರ್ವಿಸ್ ಸೆಂಟರ್‌ನವರು ಯಾಕೆ ಇದನ್ನ ನೋಡಲಿಲ್ಲ? ಅವರು ಕೆಟ್ಟವರು ಅಂತ ನನಗೆ ಅನ್ಸಲ್ಲ. ವಾರಂಟಿ ಕೆಲಸಕ್ಕೆ ಕಂಪನಿ ಸಾಮಾನ್ಯವಾಗಿ ಪ್ರತಿ ಕೆಲಸಕ್ಕೆ ಇಷ್ಟು ಗಂಟೆ ಅಂತ ನಿಗದಿ ಮಾಡಿ ದುಡ್ಡು ಕೊಡುತ್ತೆ. ಸೀಲ್ ಬದಲಾಯಿಸಿದ್ದಕ್ಕೆ ಬಿಲ್ ಇದೆ, ಕೂತು ಯೋಚನೆ ಮಾಡಿದ್ದಕ್ಕೆ ಬಿಲ್ ಕಷ್ಟ. ಹಾಗಾಗಿ ಯೋಚನೆ ಮಾಡೋ ಹಾಗೆ ನಾವೇ ಮಾಡಬೇಕು. ಅದಕ್ಕೆ ಇರೋ ಆಯುಧ ಕಾಗದ.

ಕಾಗದ ಗಟ್ಟಿ ಇರಲಿ

ಚಿಕ್ಕಪ್ಪನ ಮೊದಲ ಮೂರು ಜಾಬ್ ಕಾರ್ಡ್ ತೆಗೆದು ನೋಡಿದಾಗ ನನಗೆ ಬೇಜಾರಾಯ್ತು. ಒಂದರಲ್ಲಿ "ಜನರಲ್ ಚೆಕಪ್" ಅಂತ ಇತ್ತು. ಅಂದ್ರೆ ದಾಖಲೆ ಪ್ರಕಾರ ಮೊದಲ ಲೀಕ್ ಆಗಿಯೇ ಇಲ್ಲ! ಹಾಗಾಗಿ:

ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರೆಸಿ. "ಎಂಜಿನ್ ಆಯಿಲ್ ಲೀಕ್, ಮೂರನೇ ಸಲ, ಹಿಂದಿನ ಜಾಬ್ ಕಾರ್ಡ್ ನಂಬರ್ ಇಂಥದ್ದು" ಅಂತ. ಸಹಿ ಮಾಡೋ ಮುಂಚೆ ಓದಿ.

ತಾರೀಕು, ಕಿಲೋಮೀಟರ್, ಎಷ್ಟು ಆಯಿಲ್ ಸೇರಿಸಿದ್ರಿ ಅಂತ ಒಂದು ನೋಟ್‌ಬುಕ್ ಇಡಿ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ಫೋಟೋ ತೆಗೀರಿ.

ಗಾಡಿ ತಗೊಳ್ಳುವಾಗ "ಏನು ಬದಲಾಯಿಸಿದ್ರಿ" ಜೊತೆಗೆ "ಕಾರಣ ಏನು" ಅಂತಲೂ ಬರೆಸಿ. ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಲೀಕ್ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಲೀಕ್‌ನಿಂದ ಕ್ಲಚ್ ಹಾಳಾದ್ರೆ "ಕ್ಲಚ್ ಸವೆಯೋ ಭಾಗ, ವಾರಂಟಿ ಇಲ್ಲ" ಅಂತಾರೆ. ಅದು ಸವೆದಿದ್ದಲ್ಲ, ಆಯಿಲ್ ಬಿದ್ದು ಹಾಳಾಗಿದ್ದು ಅಂತ ಫೋಟೋ ಸಮೇತ ಬರೆದು ಕೊಡಿ.

ವಾರಂಟಿ ಮುಗಿಯೋ ಮುಂಚೆ, ಇನ್ನೂ ಸರಿ ಆಗಿಲ್ಲ ಅಂತ ಒಂದು ಇ-ಮೇಲ್ ಕಂಪನಿಗೇ ಹೋಗಲಿ. ಬದಲಾಯಿಸಿದ ಭಾಗಕ್ಕೆ ಸಾಮಾನ್ಯವಾಗಿ ಗಾಡಿಯ ಉಳಿದ ವಾರಂಟಿ ಅವಧಿ ಮಾತ್ರ ಸಿಗುತ್ತೆ, ಹೊಸದಾಗಿ ಮೂರು ವರ್ಷ ಅಲ್ಲ.

ಹೊರಗಿನ ಗ್ಯಾರೇಜ್ ಮುಟ್ಟಿದ್ರೆ ವಾರಂಟಿ ಹೋಗುತ್ತಾ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲಿನ ಆದೇಶದಲ್ಲಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು, ಆ ರಿಪೇರಿಯಿಂದ ಆದ ಹಾನಿಗೆ ಮಾತ್ರ ನಿರಾಕರಿಸಬಹುದು ಅಂತ ಹೇಳಿತು. ಆ ಆದೇಶದ ಮೇಲೆ ಮೇಲ್ಮನವಿಗಳಾದವು. ಹಾಗಾಗಿ ಧೈರ್ಯಕ್ಕೆ ಅದು ಇರಲಿ, ಆದ್ರೆ ವಾರಂಟಿ ಜಗಳ ನಡೀತಿರುವಾಗ ಹೊರಗೆ ಬಿಚ್ಚಿಸಬೇಡಿ. ತೋರಿಸಿ, ಕೇಳಿ, ವಾಪಸ್ ಬನ್ನಿ. ನಾವು ಮಾಡಿದ್ದು ಅದೇ.

ಕಾನೂನು ಎಷ್ಟು ದೂರ ಬರುತ್ತೆ?

ಬಾಡಿಗೆಗೆ ಓಡೋ ಗಾಡಿ ಅಂದ ತಕ್ಷಣ "ಇದು ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ" ಅಂತ ಹೆದರಿಸೋರು ಇದ್ದಾರೆ. ಅದು ಅರ್ಧ ಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ನಿಜ, ಆದ್ರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸೋಕೆ ಕೊಂಡವರನ್ನ ಹೊರಗಿಟ್ಟಿಲ್ಲ. 1995ರಲ್ಲೇ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನೇ ಆಟೋ ಓಡಿಸಿ ಬದುಕೋನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನ ಇಟ್ಕೊಂಡರೂ ಗ್ರಾಹಕನೇ ಅಂತ ವಿವರಿಸಿತ್ತು. ಹತ್ತು ವ್ಯಾನ್ ಇಟ್ಟು ಡ್ರೈವರ್‌ಗಳಿಂದ ಓಡಿಸೋರ ಕಥೆ ಬೇರೆ.

ಮೊದಲ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂಬರ್ 1915. ಅದು ಕೋರ್ಟ್ ಅಲ್ಲ, ಆದ್ರೆ ಕಂಪನಿಗೆ ದೂರು ತಲುಪಿಸುತ್ತೆ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲೇ ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತೆ. ಶುಲ್ಕ 5ರಿಂದ 10 ಲಕ್ಷದ ಗಾಡಿಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಒಳಗೆ ಹಾಕಬೇಕು. ದೋಷ ಪರೀಕ್ಷೆ ಬೇಕು ಅನ್ಸಿದ್ರೆ ಆಯೋಗ ಲ್ಯಾಬ್‌ಗೆ ಕಳಿಸಬಹುದು. ಪರೀಕ್ಷೆ ಬೇಡದಿದ್ದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸೋಕೆ ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಅದಕ್ಕಿಂತ ಜಾಸ್ತಿ ಆಗಬಹುದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಹೋಗಿ.

"ಹೊಸ ಗಾಡಿನೇ ಕೊಡಿ" ಅಂತ ಕೇಳೋ ಆಸೆ ಎಲ್ಲರಿಗೂ ಬರುತ್ತೆ. 2006ರಲ್ಲಿ ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಇರೋದು ದೋಷದ ಭಾಗ ರಿಪೇರಿ ಅಥವಾ ಬದಲಾವಣೆ, ಇಡೀ ವಾಹನ ಬದಲಾವಣೆ ಅಲ್ಲ ಅಂತ ಹೇಳಿತು. ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ: ಕಾರಣ ಹುಡುಕಿ, ಅದನ್ನ ಸರಿ ಮಾಡಿ, ಹಾಳಾದ ಬೇರೆ ಭಾಗ ಬದಲಾಯಿಸಿ, ಆದ ನಷ್ಟಕ್ಕೆ ಪರಿಹಾರ ಕೊಡಿ.

ಕೊನೆಗೆ ಏನಾಯ್ತು?

ನಾನು, ಚಿಕ್ಕಪ್ಪ ಕೂತು ಒಂದು ಪುಟದ ಇ-ಮೇಲ್ ಬರೆದ್ವಿ. ಬೈಗುಳ ಇಲ್ಲ. ಮೂರು ಜಾಬ್ ಕಾರ್ಡ್ ನಂಬರ್, ಆಯಿಲ್ ಸೇರಿಸಿದ ಲೆಕ್ಕ, ಕೈಗವಸು ಊದಿದ ವಿಡಿಯೋ, ಕೊನೆಗೆ ಒಂದೇ ಪ್ರಶ್ನೆ: ಕ್ರ್ಯಾಂಕ್‌ಕೇಸ್ ಒತ್ತಡ ಅಳೆದಿದ್ದೀರಾ? ಐದನೇ ದಿನಕ್ಕೆ ಕಂಪನಿಯ ಏರಿಯಾ ಎಂಜಿನಿಯರ್ ಬಂದರು, ಗೇಜ್ ಹಾಕಿ ಅಳೆದರು. ಬ್ರೀದರ್ ವಾಲ್ವ್ ಅಂಟಿಕೊಂಡಿತ್ತು, ಪೈಪ್ ತುಂಬ ಲೋಳೆ. ಎರಡನ್ನೂ ಬದಲಾಯಿಸಿ, ತಗ್ಗಿದ್ದ ಸಂಪ್ ಹೊಸದು ಹಾಕಿ, ಸಿಲಿಕೋನ್‌ಗೆ ಒಂದು ರಾತ್ರಿ ಟೈಮ್ ಕೊಟ್ಟು ನಾಲ್ಕನೇ ದಿನ ಗಾಡಿ ಕೊಟ್ಟರು. ಒಂದು ರೂಪಾಯಿ ತಗೊಳ್ಳಲಿಲ್ಲ. ಏಳು ತಿಂಗಳಾಯ್ತು, ರಟ್ಟು ಒಣಗಿದೆ.

ಆದ್ರೆ ನಾಲ್ಕೂ ಸಲ ಸೇರಿ ಹದಿಮೂರು ದಿನ ಗಾಡಿ ನಿಂತಿತ್ತು. ಆ ದಿನಗಳಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋಕೆ ಚಿಕ್ಕಪ್ಪ ಬೇರೆ ವ್ಯಾನ್ ಬಾಡಿಗೆಗೆ ತಂದರು, ಇಎಂಐ ಮಾತ್ರ ಐದನೇ ತಾರೀಕಿಗೆ ತಪ್ಪದೆ ಕಟ್ ಆಯ್ತು. ಎರಡು ಮನೆಯವರು ಮಕ್ಕಳನ್ನ ಬೇರೆ ವ್ಯಾನ್‌ಗೆ ಸೇರಿಸಿದರು. ಆ ನಷ್ಟ ವಾರಂಟಿಯಲ್ಲಿ ಬರಲ್ಲ. ಆಯೋಗಕ್ಕೆ ಹೋಗೋಣ ಅಂತ ನಾನಂದೆ. "ಅಲ್ಲಿಗೆ ಹೋಗೋ ದಿನಾನೂ ಗಾಡಿ ನಿಲ್ಲುತ್ತಲ್ಲಪ್ಪ" ಅಂದರು. ಅದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ವರ್ಷದ ಗಡುವು ಇನ್ನೂ ಇದೆ, ಕಾಗದಗಳೆಲ್ಲ ಒಂದು ಫೈಲ್‌ನಲ್ಲಿ ಜೋಡಿಸಿ ಇಟ್ಟಿದೀನಿ.

ಇವತ್ತು ಮನೆಗೆ ಹೋದಾಗ ನಿಮ್ಮ ಗಾಡಿ ಕೆಳಗೂ ಒಂದು ರಟ್ಟು ಹಾಸಿ ನೋಡಿ. ಕಲೆ ಕಂಡ್ರೆ ಬೋಲ್ಟ್ ಬಿಗಿಯೋಕೆ ಮುಂಚೆ ಬ್ರೀದರ್ ನೋಡಿ, ಮತ್ತೆ ಮೊದಲ ಜಾಬ್ ಕಾರ್ಡ್‌ನಲ್ಲೇ "ಆಯಿಲ್ ಲೀಕ್" ಅಂತ ಬರೆಸಿ.